ಧರೆಯ ಜೇಡ, ಸಾಕುವ ಜೇಡ

ಪ್ರಶ್ನೆ: ನಮ್ಮ ಮನೆಯ ಹಿಂದಿನ ಧರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಅಂಗೈ ಅಗಲದ, ಮೈತುಂಬ ರೋಮವಿರುವ ಜೇಡವೊಂದು ಬಿಲ ಮಾಡಿಕೊಂಡಿದೆ. ಪಿಯುಸಿ ಓದುವ ಮಗ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತೇನೆಂದು ಹಟ ಹಿಡಿದಿದ್ದಾನೆ. ಸಾಕಬಹುದೇ? ಇಲ್ಲವಾದರೆ, ಹೊಸಬರಿಗೆ ತಕ್ಕ ಸಾಧು ಸ್ವಭಾವದ ಟ್ಯಾರಂಟುಲಾ (ಇಂಥ ರೋಮದ ದೊಡ್ಡ ಜೇಡ) ಯಾವುದು?
– ಓದುಗರೊಬ್ಬರು, ಕಾರವಾರ ತಾಲ್ಲೂಕು

ಉತ್ತರ: ಧರೆಯ ಜೇಡವನ್ನು ದಯವಿಟ್ಟು ಅದರ ಬಿಲದಲ್ಲಿಯೇ ಬಿಡಿ. ಪಶ್ಚಿಮ ಘಟ್ಟದ ಧರೆಗಳಲ್ಲಿ ಬಿಲ ತೋಡಿ ಬದುಕುವ ಥ್ರಿಗ್ಮೋಪಿಯಸ್ ಕುಲದ ಟ್ಯಾರಂಟುಲಾಗಳಿವೆ. 1899ರಲ್ಲಿ ಇವುಗಳನ್ನು ವರ್ಣಿಸಿದ ಪೊಕಾಕ್ ಎಂಬ ಪ್ರಾಣಿವಿಜ್ಞಾನಿ ಒಂದು ಪ್ರಭೇದಕ್ಕೆ ‘ಉಗ್ರ’ ಎಂಬರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟರು. ಅಮೆರಿಕ ಖಂಡದ ಹಲವು ಟ್ಯಾರಂಟುಲಾಗಳು ಬೆದರಿದಾಗ ಹೊಟ್ಟೆಯ ಮೇಲಿನ ತುರಿಕೆಯ ರೋಮಗಳನ್ನು ಕಾಲಿನಿಂದ ಕೆದರಿ ಎರಚುತ್ತವೆ. ನಮ್ಮ ಕಡೆಯವುಗಳಿಗೆ ಆ ರಕ್ಷಣೆಯಿಲ್ಲದ ಕಾರಣ ಅವು ಓಡುತ್ತವೆ, ಇಲ್ಲವೇ ಕಚ್ಚುತ್ತವೆ. ಕಚ್ಚಿದ ನೋವೂ ಹೆಚ್ಚು.

ಹೊಸಬರಿಗೆ ನಾನು ಹೇಳುವುದು ‘ಕರ್ಲಿ ಹೇರ್’ ಎಂದು ಕರೆಯುವ ಟ್ಲಿಲ್ಟೊಕ್ಯಾಟಲ್ ಆಲ್ಬೊಪಿಲೋಸಸ್ ಅನ್ನು. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾಗಳ ಈ ಗುಂಗುರು ರೋಮದ ಜೇಡ ನಿಧಾನಿ, ಕಚ್ಚುವುದು ಅಪರೂಪ. ಹೊಸಬರಿಗೆ ಚಿಲಿಯ ರೋಸ್ ಜೇಡವನ್ನೂ ಸೂಚಿಸುವುದುಂಟು, ಆದರೆ ಅದು ಒಣನೆಲದ ಪ್ರಾಣಿ. ಆಷಾಢದಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ನಮ್ಮ ಕರಾವಳಿಯ ಮನೆಗೆ ಅದನ್ನು ತರುವುದು ನನಗೆ ಸರಿಯೆನಿಸದು.

ಸಾಧುವೆಂದರೆ ಕೈಮೇಲೆ ಆಡಿಸಲು ತಕ್ಕದ್ದೆಂದಲ್ಲ. ಕರ್ಲಿ ಹೇರ್ ಕೂಡ ಎರಚುವ ಆ ತುರಿಕೆಯ ರೋಮ ಕಣ್ಣಿಗೆ ಬಿದ್ದರೆ ಅಪಾಯ, ಮತ್ತು ಮೊಣಕಾಲೆತ್ತರದಿಂದ ಬಿದ್ದರೂ ಜೇಡದ ಹೊಟ್ಟೆ ಒಡೆದು ಅದು ಸಾಯಬಹುದು. ಆದ್ದರಿಂದ ಪೆಟ್ಟಿಗೆ ಎತ್ತರವಾಗಿರಬಾರದು. ತಳದಲ್ಲಿ ಬಿಲ ತೋಡುವಷ್ಟು, ಅಂದರೆ 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ, ತುಸು ತೇವದ ತೆಂಗಿನ ನಾರಿನ ಪುಡಿ ಹಾಕಿ, ಗಾಳಿಯಾಡಲು ತೂತುಗಳನ್ನು ಬಿಟ್ಟು, ಒಂದು ಸಣ್ಣ ನೀರಿನ ತಟ್ಟೆಯಿಡಬೇಕು. ಬೆಳೆದ ಜೇಡಕ್ಕೆ ವಾರಕ್ಕೊಂದೆರಡು ಸಾಕಿದ ಚಿಮ್ಮಂಡೆ ಅಥವಾ ಜಿರಲೆ ಸಾಕು. ತೋಟದಿಂದ ಹಿಡಿದ ಹುಳುವಿನಲ್ಲಿ ಕೀಟನಾಶಕವಿರಬಹುದು. ಇರುವೆ ಹತ್ತದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿಯಾಗಲಿ ಜಿರಲೆಯ ಸ್ಪ್ರೇಯಾಗಲಿ ಸರ್ವಥಾ ಬೇಡ, ಏಕೆಂದರೆ ಕೀಟವನ್ನು ಕೊಲ್ಲುವ ಮದ್ದು ಜೇಡವನ್ನೂ ಕೊಲ್ಲುತ್ತದೆ. ಒಂದು ದಿನ ಅದು ಅಂಗಾತ ಬಿದ್ದಿರುವುದು ಕಂಡರೆ ಸತ್ತಿತೆಂದು ಎತ್ತಿ ಎಸೆಯಬೇಡಿ. ಪೊರೆ ಕಳಚುವುದು ಹಾಗೆಯೇ. ಆಗ ಮುಟ್ಟಬಾರದು, ಪೆಟ್ಟಿಗೆಯಲ್ಲಿ ಹುಳುವನ್ನೂ ಬಿಟ್ಟಿರಬಾರದು, ಮೆತ್ತಗಿನ ಮೈಯನ್ನು ಹುಳುವೇ ಕಚ್ಚೀತು.

ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ಯೋಚಿಸಿ. ಹೆಣ್ಣು ಜೇಡ 20 ವರ್ಷ ಬದುಕಬಲ್ಲದು. ಮಗ ಓದಲು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮೇಲೆ ಅದು ನಿಮ್ಮ ಪಾಲಿಗೇ ಬರುತ್ತದೆ. ಎರಡನೆಯದಾಗಿ, ಈ ಜೇಡ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕಾಗದಪತ್ರ ಕೊಡದ ಮಾರಾಟಗಾರನಿಂದ ಕೊಳ್ಳಬೇಡಿ.

ಅಲ್ಲಿಯವರೆಗೆ, ಕತ್ತಲಾದ ಮೇಲೆ ಮಗನನ್ನು ಆ ಧರೆಯ ಬಳಿಗೆ ಕರೆದೊಯ್ಯಿರಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಎರಡು ಮಾರು ದೂರದಲ್ಲಿ ಸದ್ದಿಲ್ಲದೆ ಕುಳಿತರೆ, ಜೇಡ ಬಿಲದ ಬಾಯಿಗೆ ಬಂದು ಬೇಟೆಗೆ ಕಾಯುವುದನ್ನು ಅವನು ನೋಡಬಹುದು.