ಬಂದಡ್ಕ ಚಡಾವಿನಲ್ಲಿ ಬಿಸಿಯಾಗಿ ನಿಂತ ಓಮ್ನಿ

ಬಂದಡ್ಕ ಚಡಾವಿನಲ್ಲಿ (ಏರುದಾರಿಯಲ್ಲಿ) ಬಿಸಿಯಾಗಿ ನಿಂತ ನಿಮ್ಮ ಹಳೆಯ ಮಾರುತಿ ಓಮ್ನಿ ಏಕೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಕೇಳಿದ್ದೀರಿ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರಿಕೆ ತಡೆಯುವ ಪದರ, ಹೋಗಿರುವ ಸಾಧ್ಯತೆಯೇ ಹೆಚ್ಚು. ಬರಿಯ ಪೆಟ್ರೋಲ್ ಆವಿಯಾಗಿದ್ದರೆ ಅಥವಾ ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಕಾದಿದ್ದರೆ ತಣಿದ ಮೇಲೆ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ. ಆದರೆ ನಿಮ್ಮ ಗಾಡಿಯಲ್ಲಿ ಮರುದಿನ ಬೆಳಿಗ್ಗೆಯೂ ಸೆಲ್ಫ್ (ಸ್ಟಾರ್ಟರ್) ಮಾತ್ರ ತಿರುಗುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ ಎಂದಿದ್ದೀರಿ.

ದಯವಿಟ್ಟು ಪ್ಲಗ್ ಬಿಚ್ಚದೆ ಇನ್ನು ಸೆಲ್ಫ್ ಹೊಡೆಯಬೇಡಿ. ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಸಿಲಿಂಡರಿನಲ್ಲಿ ತುಂಬಿದ್ದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು, ಆಗ ಎಂಜಿನ್ನನ್ನೇ ಇಳಿಸಬೇಕಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆರೆದು ನೀರು ಎಷ್ಟು ಇಳಿದಿದೆ ನೋಡಿ. ಆಯಿಲ್ ಕಡ್ಡಿ ಎಳೆಯಿರಿ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ಆಯಿಲಿಗೆ ನೀರು ಸೇರಿದೆ. ಆಮೇಲೆ ಮೂರೂ ಪ್ಲಗ್ ಬಿಚ್ಚಿ. ಪೆಟ್ರೋಲ್ ವಾಸನೆಯಿಲ್ಲದೆ ಒದ್ದೆಯಾಗಿದ್ದರೆ ಅದು ನೀರೇ. ಕಾಯಿಲ್‌ನ ವೈರ್ ಕಳಚಿ, ಮುಖ ದೂರವಿಟ್ಟು, ಪ್ಲಗ್ ಇಲ್ಲದೆಯೇ ಒಮ್ಮೆ ಸೆಲ್ಫ್ ಕೊಡಿಸಿ. ತೂತಿನಿಂದ ನೀರು ಚಿಮ್ಮಿದರೆ ಅನುಮಾನವೇ ಬೇಡ, ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ಪ್ಲಗ್ ಒಣಗಿದ್ದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎನ್ನಲಾಗದು, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಒತ್ತಡ ತೀರಾ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರಬೇಕು. ಮೂರರಲ್ಲೂ ಸರಿ ಬಂದರೆ ಕಾಯಿಲ್, ಸ್ಪಾರ್ಕ್ ನೋಡಿಸಿ.

ಹೆಡ್ ಬಿಚ್ಚಿದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಲು ಬಿಡಬೇಡಿ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗುತ್ತದೆ. ನೇರವಾದ ಲೋಹದ ಪಟ್ಟಿ ಇಟ್ಟು ಪರೀಕ್ಷಿಸಿ, ಬಾಗಿದ್ದರೆ ಲೇತ್ ವರ್ಕ್‌ಶಾಪಿನಲ್ಲಿ ಸಮ ಮಾಡಿಸಿ. ಜೊತೆಗೆ ಫ್ಯಾನ್, ಥರ್ಮೋಸ್ಟಾಟ್, ನೀರಿನ ಪಂಪ್, ರೇಡಿಯೇಟರ್ ನಾಲ್ಕನ್ನೂ ನೋಡಿಸದೆ ಗಾಡಿಯನ್ನು ಮತ್ತೆ ಚಡಾವು ಹತ್ತಿಸಬೇಡಿ.