ಆ ಮೂರನೇ ಜ್ಯೂರಿ ಸದಸ್ಯ ಯಾರು?

ಪ್ರಿಯ ಓದುಗರೇ,

ಕೊಲೆ ಆರೋಪ ಹೊತ್ತ ಹುಡುಗನ ತೀರ್ಪಿಗೆ ಕೂತ ಹನ್ನೆರಡು ಜ್ಯೂರಿ ಸದಸ್ಯರ ಚಿತ್ರ ‘12 ಆಂಗ್ರಿ ಮೆನ್’ ನೋಡಿ ನೀವು ಬರೆದ ಪತ್ರ ತಲುಪಿತು. ನಾಯಕ ಹೆನ್ರಿ ಫೋಂಡಾ ಗೊತ್ತು, ಆದರೆ ಹುಡುಗ ಅಪರಾಧಿಯೇ ಎಂದು ಕೊನೆಯವರೆಗೂ ಹಠ ಹಿಡಿಯುವ ಆ ಮೂರನೇ ಜ್ಯೂರಿ ಸದಸ್ಯ ಯಾರು ಎಂದು ಕೇಳಿದ್ದೀರಿ. ‘ಬರೀ ಕೂಗಾಡುವ ನಟ ಅನ್ನಿಸಿತು’ ಎಂದೂ ಸೇರಿಸಿದ್ದೀರಿ. ಅವರು ಲೀ ಜೆ. ಕಾಬ್. ನಿಮ್ಮ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಆ ಕೊನೆಯ ದೃಶ್ಯ ಇನ್ನೊಮ್ಮೆ ನೋಡಿ. ವಾದದ ಭರದಲ್ಲಿ ಕಾಬ್ ಪರ್ಸನ್ನು ಮೇಜಿನ ಮೇಲೆ ಎಸೆಯುತ್ತಾರೆ. ಮಗನ ಜೊತೆ ತೆಗೆಸಿಕೊಂಡ ಫೋಟೋ ಕಣ್ಣಿಗೆ ಬೀಳುತ್ತದೆ. ಬೈಯುತ್ತಲೇ ಅದನ್ನು ಹರಿದುಹಾಕುತ್ತಾರೆ. ಹರಿದ ಮೇಲೆ ತಾನೇನು ಮಾಡಿದೆ ಅಂತ ಗೊತ್ತಾಗಿ ಕುಸಿಯುತ್ತಾರೆ. ಇಷ್ಟು ಹೊತ್ತು ಅವರ ಸಿಟ್ಟು ಆರೋಪಿ ಹುಡುಗನ ಮೇಲೆ ಇರಲೇ ಇಲ್ಲ, ಅಲ್ವಾ? ಬರೀ ಕೂಗಾಡುವ ನಟನಿಂದ ಅದು ಆಗುವ ಕೆಲಸವಲ್ಲ.

ಕಾಬ್ ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕಿನಲ್ಲಿ. ಪಳಗಿದ್ದು ಅಲ್ಲಿನ ‘ಗ್ರೂಪ್ ಥಿಯೇಟರ್’ ನಾಟಕ ತಂಡದಲ್ಲಿ. ದಪ್ಪ ಮೈ, ಭಾರದ ದನಿ. ಹಾಗಾಗಿ ಚಿಕ್ಕ ವಯಸ್ಸಿಗೇ ಮುದುಕರ ಪಾತ್ರಗಳು ಬಂದವು. 1939ರ ‘ಗೋಲ್ಡನ್ ಬಾಯ್’ ಚಿತ್ರದಲ್ಲಿ ತಮಗಿಂತ ಆರೇ ವರ್ಷ ಚಿಕ್ಕವರಾದ ವಿಲಿಯಂ ಹೋಲ್ಡನ್‌ಗೆ ಅಪ್ಪನಾದರು! ಹತ್ತು ವರ್ಷದ ನಂತರ, ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕ ಮೊದಲು ರಂಗಕ್ಕೆ ಬಂದಾಗ, ಅದರ ನಾಯಕ, 63 ವರ್ಷದ ಸೇಲ್ಸ್‌ಮನ್ ವಿಲ್ಲಿ ಲೋಮನ್ ಆಗಿ ನಿಂತವರು 37ರ ಕಾಬ್. ಮಿಲ್ಲರ್ ವಿಲ್ಲಿಯನ್ನು ಸಣ್ಣ ಆಳು ಎಂದು ಕಲ್ಪಿಸಿಕೊಂಡಿದ್ದರು. ಕಾಬ್ ಅಭಿನಯ ಅದನ್ನೇ ಬದಲಾಯಿಸಿತು.

ಆಮೇಲೆ ಕೆಟ್ಟ ದಿನಗಳು. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕ ಸಂಸತ್ತಿನ ಸಮಿತಿ ಹೆಸರು ಹೇಳಿ ಎಂದು ಒತ್ತಾಯಿಸಿದರೂ ಕಾಬ್ ಎರಡು ವರ್ಷ ಬಗ್ಗಲಿಲ್ಲ. ಕೆಲಸ ಹೋಯಿತು, ಹಣ ಖಾಲಿಯಾಯಿತು, ಹೆಂಡತಿಯ ಆರೋಗ್ಯ ಕೆಟ್ಟಿತು. 1953ರಲ್ಲಿ ಸೋತು, ಕಮ್ಯುನಿಸ್ಟರಾಗಿದ್ದವರೆಂದು 20 ಜನರ ಹೆಸರು ಹೇಳಿದರು. ಹೆಸರು ಬಂದವರ ಅನ್ನಕ್ಕೇ ಕಲ್ಲು ಬೀಳುತ್ತಿದ್ದ ಕಾಲ ಅದು. ನಾನು ಇದನ್ನು ಸಮರ್ಥಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ. ಮರುವರ್ಷವೇ ಬಂದ ‘ಆನ್ ದ ವಾಟರ್‌ಫ್ರಂಟ್’ ಚಿತ್ರದ ಬಂದರಿನ ದಾದಾ ಪಾತ್ರಕ್ಕೆ ಅವರ ಹೆಸರು ಆಸ್ಕರ್ ಪಟ್ಟಿಯಲ್ಲಿತ್ತು.

ಅಮೆರಿಕದ ಮನೆಮನೆಗೆ ಅವರು ಗೊತ್ತಾದದ್ದು ಟಿವಿಯಿಂದ. 1962ರಿಂದ ನಾಲ್ಕು ಸೀಸನ್ ‘ದ ವರ್ಜಿನಿಯನ್’ ಕೌಬಾಯ್ ಧಾರಾವಾಹಿಯಲ್ಲಿ ದನಗಾವಲಿನ ಒಡೆಯ, ಜಡ್ಜ್ ಗಾರ್ತ್. ಒಂದೊಂದು ಕಂತಿಗೂ ಜಾಹೀರಾತು ಸೇರಿ ತೊಂಬತ್ತು ನಿಮಿಷ. ಇಂಥ ನಟನಿಗೆ ಆ ಪಾತ್ರ ತೀರಾ ಕಡಿಮೆಯಾಯಿತು ಅಂತಲೇ ನನ್ನ ಅನಿಸಿಕೆ. 1973ರ ‘ದಿ ಎಕ್ಸಾರ್ಸಿಸ್ಟ್’ನಲ್ಲಿ ಅವರು ಮೆಲ್ಲಗೆ ಮಾತಾಡುವ ಪತ್ತೇದಾರ. ಅಲ್ಲಿ ಕೂಗಾಟವನ್ನು ಹುಡುಕಿದರೂ ಸಿಗದು. 1976ರಲ್ಲಿ ತೀರಿಕೊಂಡಾಗ ಅವರಿಗೆ 64.

ನೀವು ಮುಂದೆ ನೋಡಬೇಕಾದದ್ದು 1966ರ ಟಿವಿ ‘ಡೆತ್ ಆಫ್ ಎ ಸೇಲ್ಸ್‌ಮನ್’. ಮತ್ತೆ ಅದೇ ವಿಲ್ಲಿ, ಆದರೆ ಈಗ ಕಾಬ್‌ಗೆ 54. ನೋಡಿ ಖಂಡಿತ ಬರೆಯಿರಿ.

– ಸಂಪಾದಕ