ಡೇಟನ್: ಊರೇ ಕರೆದು ತಂದ ಕೇಸು

ಪ್ರಶ್ನೆ: ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ, ಮನುಷ್ಯ ಪ್ರಾಣಿಗಳಿಂದ ವಿಕಾಸ ಆದ ಅಂತ ಪಾಠ ಹೇಳಿದ್ದಕ್ಕೆ ಒಬ್ಬ ಮೇಷ್ಟ್ರ ಮೇಲೆ ಕೇಸ್ ಹಾಕಿದ್ರಂತಲ್ಲ, ಆ ಡೇಟನ್ ಊರು ಎಂಥದು? ಅಲ್ಲಿನ ಜನ ಅಷ್ಟೊಂದು ಮೂಢರಾ?

ಉತ್ತರ: ಹಂಗೆ ಒಂದೇ ಏಟಿಗೆ ಮೂಢರು ಅಂದುಬಿಟ್ರೆ ಆ ಊರಿಗೆ ಅನ್ಯಾಯ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಡೇಟನ್ ಅಂದ್ರೆ ರೇ ಕೌಂಟಿಯ ಆಡಳಿತ ಕೇಂದ್ರ, ಚಟ್ಟನೂಗ ನಗರದಿಂದ ಉತ್ತರಕ್ಕಿರೋ ಚಿಕ್ಕ ಊರು. ಮೊದಲು ಅದು ಸ್ಮಿತ್ಸ್ ಕ್ರಾಸ್‌ರೋಡ್ಸ್ ಅನ್ನೋ ಬರೀ ಒಂದು ನಾಲ್ಕು ದಾರಿ ಸೇರೋ ಜಾಗ, ಆಮೇಲೆ ರೈಲು ಬಂತು, ಕಲ್ಲಿದ್ದಲು ಗಣಿ, ಕಬ್ಬಿಣದ ಕುಲುಮೆ ಬಂತು, ಹಳೇ ವಾಷಿಂಗ್ಟನ್ ಅನ್ನೋ ಊರಲ್ಲಿದ್ದ ಕೌಂಟಿ ಕೇಂದ್ರಾನೂ ಇಲ್ಲಿಗೇ ಬಂತು, 1891ರಲ್ಲಿ ಗಡಿಯಾರದ ಗೋಪುರ ಇರೋ ಇಟ್ಟಿಗೆಯ ದೊಡ್ಡ ಕೋರ್ಟ್ ಕಟ್ಟಿದ್ರು. ಆದ್ರೆ 1925ರ ಹೊತ್ತಿಗೆ ಕುಲುಮೆಗಳು ಆರಿಹೋಗಿದ್ವು, ಊರು ಸೊರಗಿತ್ತು.

ಇದು ಗೊತ್ತಿದ್ರೆ ಮಿಕ್ಕಿದ್ದು ಅರ್ಥ ಆಗುತ್ತೆ. ಆ ವರ್ಷ ಮಾರ್ಚ್‌ನಲ್ಲಿ ವಿಕಾಸವಾದ ಕಲಿಸಬಾರದು ಅಂತ ಬಟ್ಲರ್ ಕಾಯ್ದೆ ಬಂತು, ಅದನ್ನ ಕೋರ್ಟಲ್ಲಿ ಪ್ರಶ್ನೆ ಮಾಡೋ ಮೇಷ್ಟ್ರಿಗೆ ಬೆಂಬಲ ಕೊಡ್ತೀವಿ ಅಂತ ನಾಗರಿಕ ಹಕ್ಕುಗಳಿಗಾಗಿ ಹೋರಾಡೋ ಎಸಿಎಲ್‌ಯು ಸಂಸ್ಥೆ ಪೇಪರಲ್ಲಿ ಹಾಕಿಸ್ತು. ಅದನ್ನ ಓದಿದ ಗಣಿ ಮ್ಯಾನೇಜರ್ ಜಾರ್ಜ್ ರ್‍ಯಾಪಲ್ಯೇ ಸೀದಾ ರಾಬಿನ್ಸನ್ ಅವರ ಔಷಧಿ ಅಂಗಡಿಗೆ ಹೋಗಿ, ಈ ಕೇಸ್ ನಮ್ಮೂರಲ್ಲೇ ಆಗ್ಲಿ, ಜನ ಬರ್ತಾರೆ, ವ್ಯಾಪಾರ ಆಗುತ್ತೆ ಅಂದ. ಆ ರಾಬಿನ್ಸನ್ನೇ ಶಾಲಾ ಮಂಡಳಿ ಅಧ್ಯಕ್ಷ, ಪಾಠದ ಪುಸ್ತಕ ಮಾರ್ತಿದ್ದದ್ದೂ ಅದೇ ಅಂಗಡೀಲಿ! ಟೆನಿಸ್ ಆಡ್ತಿದ್ದ 24 ವರ್ಷದ ಮೇಷ್ಟ್ರು ಜಾನ್ ಸ್ಕೋಪ್ಸ್‌ನ ಕರೆಸಿ, ಈ ಕೇಸಿಗೆ ನಿಲ್ತೀಯಾ ಅಂತ ಕೇಳಿದ್ರು, ಆತ ಒಪ್ಪಿದ. ಸರ್ಕಾರದ ಪರ ಕೇಸ್ ನಡೆಸೋಕೆ ಮುಂದೆ ಬಂದ ವಕೀಲರಾದ ಹಿಕ್ಸ್ ಸಹೋದರರು ಆತನ ಸ್ನೇಹಿತರೇ.

ಜುಲೈನಲ್ಲಿ ಊರಿಗೆ ಜಾತ್ರೆ ಕಳೆ ಬಂತು, ರೇಡಿಯೋದವರು, ವರದಿಗಾರರು, ತರಬೇತಿ ಕೊಟ್ಟ ಚಿಂಪಾಂಜಿ ಕೂಡ. ಬಿಸಿಲ ಧಗೆ, ಜನದ ಭಾರಕ್ಕೆ ಮಹಡಿ ಮೇಲಿನ ಕೋರ್ಟ್ ತಡೆಯುತ್ತೋ ಇಲ್ವೋ ಅನ್ನೋ ಭಯ, ಹಾಗಾಗಿ 20ನೇ ತಾರೀಖು ಜಡ್ಜ್ ಕಲಾಪನ ಹೊರಗೆ ಹುಲ್ಲುಹಾಸಿಗೆ ತಂದ್ರು, ಅಲ್ಲೇ ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ, ಎದುರು ಪಕ್ಷದ ವಕೀಲ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನೇ ಸಾಕ್ಷಿಯಾಗಿ ಕೂರಿಸಿಕೊಂಡು ಬೈಬಲ್ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ್ದು. ಮಾರನೇ ದಿನ ಸ್ಕೋಪ್ಸ್‌ಗೆ 100 ಡಾಲರ್ ದಂಡ. ಐದು ದಿನಕ್ಕೆ ಬ್ರಯಾನ್ ಅದೇ ಊರಲ್ಲಿ ನಿದ್ದೆಯಲ್ಲೇ ತೀರಿಕೊಂಡ್ರು. ದಂಡವನ್ನ ಜ್ಯೂರಿ ಬದಲು ಜಡ್ಜ್ ಹಾಕಿದ್ರು ಅನ್ನೋ ಕಾರಣಕ್ಕೆ 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪನ್ನ ರದ್ದು ಮಾಡ್ತು, ಕಾಯ್ದೆ ಮಾತ್ರ 1967ರವರೆಗೂ ಇತ್ತು.

ಊರು ಭಕ್ತಿಯ ಊರು, ಸುಳ್ಳಲ್ಲ. ಬ್ರಯಾನ್ ಹೆಸರಿನ ಕ್ರೈಸ್ತ ಕಾಲೇಜು 1930ರಿಂದ ಇದೆ. ಆದ್ರೆ ಕೋರ್ಟ್ ಮುಂದೆ 2005ರಲ್ಲಿ ಬ್ರಯಾನ್ ಪ್ರತಿಮೆ ಬಂದ ಹಾಗೇ 2017ರಲ್ಲಿ, ಕೆಲವರು ವಿರೋಧ ಮಾಡಿದ್ರೂ, ಡ್ಯಾರೋ ಪ್ರತಿಮೆನೂ ನಿಂತಿತು. ಮೂಢರು ಅನ್ನೋ ಮೊದಲು ಇದನ್ನೂ ನೋಡ್ಬೇಕು. ನೀವೇನಾದ್ರೂ ಆ ಕಡೆ ಹೋದ್ರೆ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿರೋ ಮ್ಯೂಸಿಯಂ ಬಿಡಬೇಡಿ, ಮಹಡಿ ಹತ್ತಿ ಆ ಕೋರ್ಟ್ ಹಾಲನ್ನೂ ನೋಡಿ ಬನ್ನಿ.